ಮೋಟಾರು ವಿಚಾರ: ಎರಡು ಗೋಪುರಗಳ ನಡುವಣ ಅಡ್ಡಕೋಲು

ಕುಮಾರಪಟ್ಟಣದ ವಾಚಕರೊಬ್ಬರು ನಾಲ್ಕು ಪುಟಗಳ ಕಾಗದ ಬರೆದಿದ್ದಾರೆ. ಅವರ ಮನೆಯಲ್ಲಿರುವುದು 1996ನೆಯ ಇಸವಿಯ ಮಾರುತಿ 800. ಹೊಳೆಯ ದಂಡೆಯ ಕಾರ್ಖಾನೆಯಲ್ಲಿ ಬಹುಕಾಲ ದುಡಿದು ನಿವೃತ್ತರಾದ ಅವರ ತಂದೆಯವರು ಕೊಂಡ ಗಾಡಿ ಅದು. ತಂದೆಯವರು ಈಗಿಲ್ಲ, ಗಾಡಿ ಉಂಟು. ವಾರಕ್ಕೊಮ್ಮೆ ತಾಯಿಯವರನ್ನು ಅದರಲ್ಲಿ ಕುಳ್ಳಿರಿಸಿಕೊಂಡು, ತುಂಗಭದ್ರೆಯನ್ನು ದಾಟಿ, ಹರಿಹರವನ್ನು ಹಾಯ್ದು ದಾವಣಗೆರೆಯ ಆಸ್ಪತ್ರೆಗೆ ಹೋಗಿಬರಬೇಕು. ಮೂರು ತಿಂಗಳಿಂದ ಈಚೆಗೆ ಹಂಪು ಹತ್ತಿಳಿಯುವಾಗ ಮುಂಭಾಗದಲ್ಲಿ ‘ಕಟಕ್’ ಎಂಬ ಸದ್ದು ಕೇಳಿಬರುತ್ತಿದೆ. ರಾಣೆಬೆನ್ನೂರಿನ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ ಸ್ಟಿಯರಿಂಗ್ ಚಕ್ರ ತಾನಾಗಿಯೇ ಅತ್ತಿತ್ತ ಅಲೆಯುತ್ತದಂತೆ. ಬ್ಯಾಡಗಿಯ ಸ್ನೇಹಿತರೊಬ್ಬರ ಝೆನ್ ಗಾಡಿಯಲ್ಲಿ ಬಾನೆಟ್ ಎತ್ತಿದರೆ ಕೆಂಪು ಬಣ್ಣದ ಕೋಲೊಂದು ಎಡದಿಂದ ಬಲಕ್ಕೆ ಅಡ್ಡಲಾಗಿ ಹೊಳೆಯುತ್ತದೆ. ಅದನ್ನು ಹಾಕಿಸಿದ ಮೇಲೆ ಗಾಡಿ ಬಿಗಿಯಾಯಿತೆಂದು ಆ ಸ್ನೇಹಿತರ ಮಾತು. ಬೆಸುಗೆಯ ಅಂಗಡಿಯವರೊಬ್ಬರು ನೀರಿನ ಪೈಪಿನಲ್ಲಿ ಅಂಥದೇ ಕೋಲನ್ನು ಅಗ್ಗವಾಗಿ ಮಾಡಿಕೊಡುವುದಾಗಿ ಒಪ್ಪಿದ್ದಾರೆ. “ಹಾಕಿಸಲೇ, ಬೇಡವೇ? ಹಾಕಿಸುವುದಾದರೆ ಅದು ಬಾಗದಂತೆ ಬಿಗಿಗೊಳಿಸುವುದು ಹೇಗೆ?” ಎಂದು ಕೇಳಿದ್ದಾರೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಈಗಲೇ ಬೇಡ. ಆದರೆ ಕಾರಣವನ್ನು ಹೇಳದೆ ಇಷ್ಟನ್ನೇ ಹೇಳಿದರೆ ಬೆಸುಗೆಯ ಅಂಗಡಿಯವರ ಮಾತೇ ಗೆಲ್ಲುವುದೆಂದು ನಾವು ಬಲ್ಲೆವು. ಆದುದರಿಂದ ಈ ವಾರದ ಪುಟಗಳನ್ನು ಆ ಅಡ್ಡಕೋಲಿಗೇ ಮೀಸಲಿಟ್ಟಿದೆ. ಗ್ಯಾರೇಜಿನವರು ಅದನ್ನು ಸ್ಟ್ರಟ್ ಬಾರ್ ಎನ್ನುತ್ತಾರೆ.

ಮೊದಲು ಆ ‘ಗೋಪುರ’ಗಳು ಯಾವುವೆಂಬುದನ್ನು ನೋಡೋಣ. ಮಾರುತಿ 800ರ ಬಾನೆಟ್ ಎತ್ತಿದರೆ ಎಡಕ್ಕೊಂದು, ಬಲಕ್ಕೊಂದು, ಮಡಿಕೆ ಬೋರಲು ಹಾಕಿದಂತೆ ಉಬ್ಬಿರುವ ತಗಡಿನ ದಿಬ್ಬಗಳು ಕಾಣುತ್ತವೆ. ಅವುಗಳ ನೆತ್ತಿಯಲ್ಲಿ ಕೆಲವು ನಟ್ಟುಗಳು, ನಡುವೆ ಒಂದು ದೊಡ್ಡ ನಟ್ಟು. ಆ ತಗಡಿನ ಕೆಳಗೆ ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಒಂದಾಗಿ ಕೂಡಿಸಿದ ನೀಳವಾದ ಊರುಗೋಲು ನಿಂತಿದೆ, ಅದೇ ಸ್ಟ್ರಟ್. ಅದರ ಬುಡ ಚಕ್ರದ ಗುಂಬಕ್ಕೆ, ತುದಿ ಗೋಪುರದ ನೆತ್ತಿಗೆ. ಗಾಡಿಯ ಮುಂಭಾಗದ ಭಾರವೆಲ್ಲವೂ ಈ ಎರಡು ನೆತ್ತಿಗಳ ಮೂಲಕವೇ ಚಕ್ರಗಳಿಗೆ ಇಳಿಯತಕ್ಕದ್ದು. ಒಂದು ಮಿಲಿಮೀಟರು ದಪ್ಪದ ಆಸುಪಾಸಿನ ತಗಡನ್ನು ಮಡಿಸಿ, ಒತ್ತಿ, ಚುಕ್ಕಿ ಚುಕ್ಕಿಯಾಗಿ ಬೆಸೆದು ಮಾಡಿದ ಗೋಪುರ ಇಷ್ಟನ್ನು ಹೊರುತ್ತದೆಂಬುದು ಯೋಚಿಸಿದರೆ ಸೋಜಿಗವೇ ಸರಿ.

ಈ ಉಪಾಯವನ್ನು ಕಂಡುಹಿಡಿದವರು ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರು. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಜನರಲ್ ಮೋಟರ್ಸ್ ಸಂಸ್ಥೆ ‘ಕೆಡೆಟ್’ ಎಂಬ ಅಗ್ಗದ ಸಣ್ಣ ಕಾರನ್ನು ಯೋಜಿಸಿ, ಆ ಕೆಲಸವನ್ನು ಅವರಿಗೆ ವಹಿಸಿತ್ತು. 1947ರಲ್ಲಿ ಸಂಸ್ಥೆ ಆ ಯೋಜನೆಯನ್ನು ಕೈಬಿಟ್ಟಿತು. ಮ್ಯಾಕ್‌ಫರ್ಸನ್ನರು ಫೋರ್ಡ್ ಸಂಸ್ಥೆಯನ್ನು ಸೇರಿದರು. 1950ರ ಲಂಡನ್ ಮೋಟಾರು ಪ್ರದರ್ಶನದಲ್ಲಿ ಬ್ರಿಟಿಷ್ ಫೋರ್ಡಿನ ಕಾನ್ಸಲ್ ಮತ್ತು ಜೆಫಿರ್ ಕಾರುಗಳು ಈ ಊರುಗೋಲಿನೊಂದಿಗೆ ಜನರ ಮುಂದೆ ಬಂದವು. ಬಿಡಿಭಾಗಗಳು ಕಡಿಮೆ, ಖರ್ಚು ಕಡಿಮೆ, ಚಕ್ರಗಳ ನಡುವೆ ಎಂಜಿನ್ನಿಗೆ ಬೇಕಾದಷ್ಟು ಸ್ಥಳ. ಸಣ್ಣ ಕಾರುಗಳಿಗೆ ಇದು ವರವಾಯಿತೆನ್ನಬೇಕು. ನಮ್ಮಲ್ಲಿ 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ಒಪ್ಪಿಸಿದ ಮೇಲೆ, ಈ ವಿಧಾನ ಮನೆಮನೆಯ ಗಾಡಿಗೂ ಬಂದಿತು.

ಅದಕ್ಕೆ ಹಿಂದಿನ ಗಾಡಿಗಳ ಸಂಗತಿಯೇ ಬೇರೆ. ಹಳೆಯ ಅಂಬಾಸಡರಿನ ಮುಂಗಾಲಿಗಳು ತಿರುಚುಸರಳುಗಳ ಮೇಲೆ ನಿಂತವು. ಫಿಯೆಟ್ 1100 ಮತ್ತು ಅದರ ಸಂತಾನವಾದ ಪದ್ಮಿನಿಯವು ಮೇಲೊಂದು ಕೆಳಗೊಂದು ಕವೆಯ ನಡುವೆ ಸುರುಳಿ ಸ್ಪ್ರಿಂಗಿನ ಮೇಲೆ ನಿಂತವು. ಈ ಗಾಡಿಗಳಲ್ಲಿ ಸ್ಟ್ರಟ್ಟೂ ಇಲ್ಲ, ಸ್ಟ್ರಟ್ ಗೋಪುರವೂ ಇಲ್ಲ. ಅಂಬಾಸಡರಿನ ಬಾನೆಟ್ಟಿನೊಳಗೂ ಈ ಕೋಲನ್ನು ಹಾಕಿಸಿಕೊಂಡು ಮೆರೆಯುವವರುಂಟು. ಬಟ್ಟೆ ಒಣಹಾಕಲು ಅನುಕೂಲವೆಂಬುದನ್ನು ಬಿಟ್ಟರೆ ಅದರಿಂದ ಬೇರೆ ಪ್ರಯೋಜನ ನಮಗೆ ತೋರದು.

ಇನ್ನು ಕೋಲು ಮಾಡುವ ಕೆಲಸವೇನು? ಮದುವೆಯ ಚಪ್ಪರ ಹಾಕುವವರನ್ನು ಕೇಳಿದರೆ ಚೆನ್ನಾಗಿ ಹೇಳಿಯಾರು. ಎರಡು ಬಿದಿರುಗಳನ್ನು ನೆಲದಲ್ಲಿ ನೆಟ್ಟು ನೆತ್ತಿಗೆ ಅಡ್ಡಬಿದಿರನ್ನು ಕಟ್ಟಿದರೆ, ಅವೆರಡರ ನಡುವಣ ಅಂತರ ಹಿಗ್ಗದು, ಕುಗ್ಗದು. ಆದರೆ ಗಾಳಿ ಬೀಸಿದಾಗ ಎರಡೂ ಬಿದಿರುಗಳು ಕೂಡಿಯೇ ಒಂದು ಕಡೆಗೆ ವಾಲುತ್ತವೆ. ಅಡ್ಡಬಿದಿರು ಅದನ್ನು ತಡೆಯಲಾರದು. ತಡೆಯಬೇಕಾದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಇನ್ನೊಂದು ಬಿದಿರು ಬೇಕು. ಗಾಡಿಯಲ್ಲೂ ಹೀಗೆಯೇ. ಊರುಗೋಲುಗಳ ತುದಿಗಳು ಒಳಕ್ಕೆ ಓರೆಯಾಗಿರುವುದರಿಂದ, ಚಕ್ರಗಳು ಗುಂಡಿಗೆ ಬಿದ್ದಾಗ ಎರಡು ನೆತ್ತಿಗಳೂ ಒಂದನ್ನೊಂದು ಸಮೀಪಿಸಲು ಯತ್ನಿಸುತ್ತವೆ. ಆಗ ಕೋಲು ನಡುವೆ ನಿಂತು ತಡೆಯುತ್ತದೆ. ಇದು ಅದರ ನಿಜವಾದ ಕೆಲಸ. ತಿರುವಿನಲ್ಲಾದರೋ ಎರಡು ಟೈರುಗಳನ್ನೂ ರಸ್ತೆ ಒಂದೇ ದಿಕ್ಕಿಗೆ ನೂಕುತ್ತದೆ. ನೆತ್ತಿಗಳು ಒಂದೇ ಕಡೆಗೆ ವಾಲುತ್ತವೆ. ಹೊರಬದಿಯ ಚಕ್ರದ ಮೇಲೆ ಭಾರ ಹೆಚ್ಚು, ಒಳಬದಿಯದರ ಮೇಲೆ ಕಡಿಮೆ. ಕೋಲು ಆ ಹೆಚ್ಚು ಕಡಿಮೆಯನ್ನು ಹಂಚಿ ಕೊಡಬಲ್ಲುದೇ ಹೊರತು, ವಾಲುವಿಕೆಯನ್ನು ಪೂರ್ತಿಯಾಗಿ ನಿಲ್ಲಿಸಲಾರದು. ಅದಕ್ಕೆ ಕೋಲಿನಿಂದ ಹಿಂದಕ್ಕೆ, ಕ್ಯಾಬಿನ್ನಿನ ಮುಂಗೋಡೆಗೆ ಓರೆಗಾಲುಗಳನ್ನು ಕೊಟ್ಟು ತ್ರಿಕೋನ ಮಾಡಬೇಕು. ಸ್ಪರ್ಧೆಯ ಗಾಡಿಗಳಲ್ಲಿ ಹಾಗೆ ಮಾಡುತ್ತಾರೆ. ಮಾರುತಿಯಂಥ ಸಣ್ಣ ಕಾರುಗಳಲ್ಲಿ ಗೋಪುರಗಳು ಆ ಮುಂಗೋಡೆಯ ಸಮೀಪದಲ್ಲೇ ಇರುವುದರಿಂದ, ಒಡಲು ಗಟ್ಟಿಮುಟ್ಟಾಗಿರುವವರೆಗೆ ಕೋಲಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ.

‘ಒಡಲು ಗಟ್ಟಿಮುಟ್ಟಾಗಿರುವವರೆಗೆ’ ಎಂಬ ಮಾತನ್ನು ವಾಚಕರು ಅಡಿಗೆರೆ ಎಳೆದು ಓದಿಕೊಳ್ಳಬೇಕು. ಕುಮಾರಪಟ್ಟಣದ ಗಾಡಿಯ ಎರಡು ಲಕ್ಷಣಗಳಲ್ಲಿ, ಅಂದರೆ ಹಂಪಿನ ಮೇಲಿನ ಸದ್ದು ಮತ್ತು ಹೆದ್ದಾರಿಯಲ್ಲಿನ ಅಲೆದಾಟ ಇವುಗಳಲ್ಲಿ, ಒಂದಾದರೂ ‘ಕೋಲಿಲ್ಲದ ಕೊರತೆ’ಯ ಲಕ್ಷಣವಲ್ಲ. ಇಷ್ಟು ವರ್ಷ ಕೋಲಿಲ್ಲದೆ ಸುಖವಾಗಿ ಓಡಿದ ಗಾಡಿಗೆ ಮೂರು ತಿಂಗಳಲ್ಲಿ ಕೋಲು ಬೇಕಾಯಿತೆಂದರೆ, ಯಾವುದೋ ಒಂದು ಸವೆದಿದೆ, ಸಡಿಲವಾಗಿದೆ, ಇಲ್ಲವೆ ಬಿರಿದಿದೆ. ಮೂರರಲ್ಲಿ ಯಾವುದೆಂದು ತಿಳಿಯುವ ಮುನ್ನ ಕೋಲು ಹಾಕುವುದು ಜ್ವರದವನಿಗೆ ಕಂಬಳಿ ಹೊದಿಸಿ ಮಲಗಿಸಿದಂತೆ.

ಪರೀಕ್ಷೆಗೆ ಮೊದಲು ರಬ್ಬರು. ಒಬ್ಬರು ಬಾನೆಟ್ ಎತ್ತಿ ಗೋಪುರದ ನೆತ್ತಿಯನ್ನು ನೋಡುತ್ತಿರಲಿ. ಇನ್ನೊಬ್ಬರು ನಿಂತ ಗಾಡಿಯ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಲಿ. ನೆತ್ತಿಯ ರಬ್ಬರು ಚೂರಾಗಿದ್ದರೆ ನಡುವಿನ ನಟ್ಟು ಅಲ್ಲಿಯೇ ಕುಣಿಯುವುದು ಕಣ್ಣಿಗೆ ಕಾಣುತ್ತದೆ. ಆಮೇಲೆ ಕೆಳಗಿನ ತೋಳಿನ ಬುಷ್, ಸ್ಟೆಬಿಲೈಸರ್ ಸರಳಿನ ಬುಷ್, ಬಾಲ್ ಜಾಯಿಂಟ್, ಸ್ಟಿಯರಿಂಗಿನ ತುದಿಗೀಲುಗಳು. ಗಾಡಿಯನ್ನು ಜಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಆಡುವ ಕೀಲು ತನ್ನ ಇರವನ್ನು ತಾನೇ ಹೇಳಿಕೊಳ್ಳುತ್ತದೆ. ನಮ್ಮ ಅಂದಾಜಿನಲ್ಲಿ ಈ ಗಾಡಿಯ ‘ಕಟಕ್’ ಸದ್ದು ಇಲ್ಲಿಯೇ ಎಲ್ಲೋ ಅಡಗಿದೆ. ಇವುಗಳನ್ನು ಬದಲಾಯಿಸಿ, ಚಕ್ರಗಳ ಜೋಡಣೆಯನ್ನು ಸರಿಪಡಿಸಿದರೆ ಅಲೆದಾಟವೂ ಬಹುಮಟ್ಟಿಗೆ ನಿಲ್ಲತಕ್ಕದ್ದು.

ಎರಡನೆಯದು ತಗಡು, ಮತ್ತು ಇದು ಪ್ರಾಣದ ಪ್ರಶ್ನೆ. ಗೋಪುರದ ಬುಡ ಒಳಮಡ್‌ಗಾರ್ಡಿಗೆ ಕೂಡುವಲ್ಲಿ ತಯಾರಕರು ಮೇಣದಂಥ ಲೇಪ ಹಚ್ಚಿರುತ್ತಾರೆ. ಆ ಲೇಪದ ಕೆಳಗೆ ತೇವ ಸೇರಿದರೆ ತುಕ್ಕು ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ. ಮೇಲಿನಿಂದ ಬಣ್ಣ ನುಣುಪಾಗಿಯೇ ಇರುತ್ತದೆ. ಚಕ್ರ ಕಳಚಿ ಕೆಳಗಿನಿಂದ ಕೆಸರನ್ನು ತೊಳೆದು, ಟಾರ್ಚು ಹಿಡಿದು ನೋಡಬೇಕು; ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟುತ್ತ ಹೋಗಬೇಕು. ಒಳ್ಳೆಯ ತಗಡು ಖಣಿಲೆನ್ನುತ್ತದೆ. ಕೊಳೆತದ್ದು ನೆನೆದ ರಟ್ಟಿನಂತೆ ಮಂಕಾಗಿ ಸದ್ದು ಮಾಡುತ್ತದೆ. ಬ್ಯಾಟರಿಯ ನೆರೆಯ ಗೋಪುರವನ್ನು ಇನ್ನಷ್ಟು ಎಚ್ಚರಿಕೆಯಿಂದ ನೋಡಿರಿ. ಬ್ಯಾಟರಿಯ ಆಮ್ಲ ತೊಟ್ಟಿಕ್ಕಿದ ಕಡೆ ತಗಡು ಬಹು ಬೇಗ ಕರಗುತ್ತದೆ. ನೆತ್ತಿಯ ನಟ್ಟುಗಳ ಸುತ್ತ ಕೂದಲೆಳೆಯಂಥ ಬಿರುಕಿದ್ದರೆ ಗಾಡಿಯನ್ನು ಅಂದೇ ನಿಲ್ಲಿಸತಕ್ಕದ್ದು. ಅಂಥ ಗೋಪುರ ಒಂದು ದಿನ ದೊಡ್ಡ ಗುಂಡಿಯಲ್ಲಿ ಹರಿದರೆ ಊರುಗೋಲು ನೆತ್ತಿಯನ್ನು ಸೀಳಿಕೊಂಡು ಮೇಲಕ್ಕೇಳುತ್ತದೆ. ಚಕ್ರ ಮತ್ತೆ ಹೇಳಿದಂತೆ ಕೇಳುವುದಿಲ್ಲ. ಅದು ಸೇತುವೆಯ ಮೇಲೆ, ಹಿಂದಿನ ಸೀಟಿನಲ್ಲಿ ತಾಯಿಯವರು ಕುಳಿತಿರುವಾಗ ಆದರೆ?

ಕೊಳೆತ ಗೋಪುರಕ್ಕೆ ಕೋಲು ಹಾಕುವುದರ ದೊಡ್ಡ ಕೇಡು ಇಲ್ಲಿಯೇ ಇದೆ. ದಪ್ಪ ಪ್ಲೇಟು ಬಿರುಕನ್ನು ಮುಚ್ಚಿಬಿಡುತ್ತದೆ. ಕೋಲು ಸ್ವಲ್ಪ ದಿನ ಅಲುಗಾಟವನ್ನು ಅಡಗಿಸುತ್ತದೆ. ಯಜಮಾನರು ರೋಗ ವಾಸಿಯಾಯಿತೆಂದು ನಿಶ್ಚಿಂತರಾಗುತ್ತಾರೆ. ತುಕ್ಕು ಮಾತ್ರ ತನ್ನ ಕೆಲಸವನ್ನು ನಡೆಸುತ್ತಲೇ ಇರುತ್ತದೆ.

ತಗಡೂ ಸರಿ, ರಬ್ಬರೂ ಹೊಸದು ಎಂದಾದ ಮೇಲೂ ಕೋಲಿನ ಆಸೆ ಉಳಿದಿದ್ದರೆ, ಹಣ ಕೊಡುವ ಮುನ್ನ ಒಂದು ಅಗ್ಗದ ಪರೀಕ್ಷೆ ಉಂಟು. ಒಂದರೊಳಗೊಂದು ಸಲೀಸಾಗಿ ಜಾರುವ ಎರಡು ತೆಳು ಕೊಳವೆಗಳನ್ನು ತೆಗೆದುಕೊಳ್ಳಿರಿ. ಹೊರತುದಿಗಳನ್ನು ಚಪ್ಪಟೆಯಾಗಿ ಬಡಿದು ರಂಧ್ರ ಕೊರೆದು, ಒಂದೊಂದು ಗೋಪುರದ ಹೊರನಟ್ಟೊಂದರ ಕೆಳಗೆ ಸೇರಿಸಿರಿ. ಒಳಕೊಳವೆಯ ಮೇಲೆ ಬಿಗಿಯಾದ ರಬ್ಬರ್ ಉಂಗುರವೊಂದನ್ನು ಹಾಕಿ, ಹೊರಕೊಳವೆಯ ಬಾಯಿಗೆ ತಾಗುವಂತೆ ಸರಿಸಿಡಿರಿ. ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ರಾಣೆಬೆನ್ನೂರಿನವರೆಗೆ ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ, ಹಂಪುಗಳನ್ನು ಹತ್ತಿಳಿದು ಹೋಗಿಬನ್ನಿರಿ. ನೆತ್ತಿಗಳು ಎಷ್ಟು ಒಳಕ್ಕೆ ಬಂದಿದ್ದುವೋ ಅಷ್ಟು ಉಂಗುರ ಸರಿದಿರುತ್ತದೆ. ಕೂದಲೆಳೆಯಷ್ಟು ಮಾತ್ರ ಸರಿದಿದ್ದರೆ ಕೋಲಿನ ಹಣ ಉಳಿಯಿತು. ಒಂದು ಮಿ.ಮೀ. ಆಸುಪಾಸಿನಲ್ಲಿದ್ದರೆ ಕೋಲಿಗೆ ಕೆಲಸವಿದೆ. ಮೂರು ನಾಲ್ಕು ಮಿ.ಮೀ. ಸರಿದಿದ್ದರೆ ಎಲ್ಲಿಯೋ ಬೆಸುಗೆ ಬಿಟ್ಟಿದೆ. ತಗಡಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿರಿ.

ಈಗ ಕೋಲಿನ ಬಿಗುವಿನ ಲೆಕ್ಕಕ್ಕೆ ಬರೋಣ. ಇದು ಸ್ವಾರಸ್ಯವಾದ ಭಾಗ. ಬೆಸುಗೆಯ ಅಂಗಡಿಗಳಲ್ಲಿ ತಪ್ಪುವುದೂ ಇಲ್ಲಿಯೇ.

900 ಮಿ.ಮೀ. ಉದ್ದ, 25 ಮಿ.ಮೀ. ಹೊರವ್ಯಾಸ, 2 ಮಿ.ಮೀ. ಗೋಡೆಯ ಉಕ್ಕಿನ ಕೊಳವೆಯನ್ನು ಎರಡು ನೆತ್ತಿಗಳ ನಡುವೆ ದಾರ ಹಿಡಿದಂತೆ ನೇರವಾಗಿ ಇಟ್ಟೆವೆಂದು ಭಾವಿಸೋಣ. ಎರಡೂ ತುದಿಗಳಿಂದ 200 ಕಿಲೋ ಭಾರದಷ್ಟು ಒತ್ತಿದರೆ ಅದು ಎಷ್ಟು ಕುಗ್ಗೀತು? ಲೆಕ್ಕ ಹಾಕಿದರೆ ಮಿಲಿಮೀಟರಿನ ನೂರರಲ್ಲಿ ಆರು ಪಾಲು. ಕಣ್ಣಿಗೆ ಕಾಣದಷ್ಟು. ಆದರೆ ಬಾನೆಟ್ಟಿನ ಕೆಳಗೆ ನೇರ ದಾರಿ ಸುಲಭವಾಗಿ ಸಿಗುವುದಿಲ್ಲ. ಏರ್ ಕ್ಲೀನರ್ ಅಡ್ಡ ಬರುತ್ತದೆ, ಕೊಳವೆಯನ್ನು ಅದರ ಮೇಲೆ ಹಾಯುವಂತೆ ಬಗ್ಗಿಸುತ್ತಾರೆ. ಅದೇ ಕೊಳವೆ ತುದಿಗಳ ನೇರದಿಂದ 80 ಮಿ.ಮೀ. ಮೇಲೆ ಹಾಯ್ದು, ತುದಿಗಳು ಕೀಲಿನ ಮೇಲೆ ತಿರುಗುವಂತಿದ್ದರೆ, ಅದೇ ಒತ್ತಡಕ್ಕೆ ತುದಿಗಳು ಸುಮಾರು 6 ಮಿ.ಮೀ. ಹತ್ತಿರ ಬರುತ್ತವೆ. ನೂರು ಪಟ್ಟು! ಕೊಳವೆ ಅದೇ, ಉಕ್ಕು ಅದೇ, ಬೆಲೆಯೂ ಅದೇ. ಒಂದು ಕೋಲಾಯಿತು, ಇನ್ನೊಂದು ಬಿಲ್ಲಾಯಿತು. ಅಷ್ಟೇ ಅಲ್ಲ, ಆ ಒತ್ತಡದಲ್ಲಿ ಮೆದು ಉಕ್ಕಿನ ಕೊಳವೆ ಶಾಶ್ವತವಾಗಿ ಬಾಗುವ ಎಲ್ಲೆಯ ಸಮೀಪಕ್ಕೆ ಬಂದಿರುತ್ತದೆ.

ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಬಹುಕಾಲ ಲೇಥುಗಳನ್ನು ತಯಾರಿಸಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಆ ಸುತ್ತಿನಲ್ಲಿ ಇಂದಿಗೂ ಇದ್ದಾರೆ. ಅವರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ಕೊರೆಯುವ ಟೂಲನ್ನು ಹಿಡಿಯಿಂದ ಹೆಚ್ಚು ಹೊರಚಾಚಿ ಕಟ್ಟಿದರೆ ಅದು ನಡುಗಿ ಕೆಲಸವನ್ನು ಕೆಡಿಸುತ್ತದೆಂಬುದು ಲೇಥಿನ ಮುಂದೆ ಒಂದು ವಾರ ನಿಂತವನಿಗೂ ಗೊತ್ತು. ಬಲದ ದಾರಿಯಿಂದ ಲೋಹ ದೂರ ಸರಿದಂತೆಲ್ಲ ಸೋಲು ಹೆಚ್ಚು.

ಆದುದರಿಂದ ಬಿಗಿಗೊಳಿಸುವುದೆಂದರೆ ಮೊದಲು ಬಾಗನ್ನು ಕಡಿಮೆ ಮಾಡುವುದು. ಏರಿಕೆಯನ್ನು 80ರಿಂದ 40 ಮಿ.ಮೀ.ಗೆ ಇಳಿಸಿದರೆ ಬಾಗುವಿಕೆ ಅರ್ಧವಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಏರ್ ಕ್ಲೀನರಿನ ಮುಂದೆಯೋ ಹಿಂದೆಯೋ ನೇರ ದಾರಿ ಇದೆಯೇ ಎಂದು ದಾರ ಕಟ್ಟಿ ಹುಡುಕಲು ಒಂದು ಸಂಜೆ ಕಳೆದರೂ ಅದು ವ್ಯರ್ಥವಲ್ಲ. ಬಾಗು ಅನಿವಾರ್ಯವೆಂದಾದರೆ ಕೊಳವೆಯ ವ್ಯಾಸವನ್ನು ಹೆಚ್ಚಿಸಿರಿ. ಗೋಡೆ ಅದೇ 2 ಮಿ.ಮೀ. ಇದ್ದು ವ್ಯಾಸ 25ರಿಂದ 38 ಮಿ.ಮೀ.ಗೆ ಏರಿದರೆ ಬಾಗಿಗೆದುರಾದ ಬಿಗುವು ನಾಲ್ಕು ಪಟ್ಟಿನ ಸಮೀಪಕ್ಕೆ ಹೋಗುತ್ತದೆ. ತೂಕವಾದರೋ ಒಂದೂವರೆ ಪಟ್ಟಿಗಿಂತ ತುಸು ಮಾತ್ರ ಹೆಚ್ಚು. ಗೋಡೆಯನ್ನು ದಪ್ಪ ಮಾಡಿ ವ್ಯಾಸವನ್ನು ಹಾಗೆಯೇ ಉಳಿಸುವುದಕ್ಕಿಂತ ಇದು ಲಾಭಕರ. ಈಗಾಗಲೇ ಬಾಗಿದ ಕೋಲೊಂದು ಕೈಯಲ್ಲಿದ್ದರೆ, ಅದರ ಕೆಳಗೆ ಎಂಜಿನ್ನಿಗೆ ತಾಗದಂತೆ ತೆಳುವಾದ ಎರಡನೆಯ ಕೊಳವೆಯನ್ನು ಕೊಟ್ಟು, ಎರಡನ್ನೂ ಅಲ್ಲಲ್ಲಿ ಓರೆತುಂಡುಗಳಿಂದ ಬೆಸೆದರೆ ಕಬ್ಬಿಣದ ಸೇತುವೆಯ ಚೌಕಟ್ಟಿನಂತಾಗುತ್ತದೆ. ಇದು ಉಕ್ಕಿನ ಕೋಲಿಗೆ ಹೇಳಿದ ಮಾತು. ಬಣ್ಣದ ಅಲ್ಯುಮಿನಿಯಂ ಕೋಲುಗಳನ್ನು ಮಾಮೂಲು ಬೆಸುಗೆಯ ಅಂಗಡಿಯಲ್ಲಿ ಬೆಸೆಯಲು ಬಾರದು. ಮೇಲಾಗಿ ಅಲ್ಯುಮಿನಿಯಮ್ಮಿನ ಬಿಗುವು ಉಕ್ಕಿನ ಮೂರರಲ್ಲೊಂದು ಪಾಲು ಮಾತ್ರ. ಬ್ಯಾಡಗಿಯ ಸ್ನೇಹಿತರ ಕೆಂಪು ಕೋಲು ಅಲ್ಯುಮಿನಿಯಮ್ಮಿನದಾಗಿ, ನೇರವಾಗಿಯೂ ಇದ್ದರೆ ಚಿಂತೆಯಿಲ್ಲ. ಬಾಗಿದ್ದರೆ ಅದು ಅಲಂಕಾರ.

ಕೋಲಿಗಿಂತ ಹೆಚ್ಚಾಗಿ ಸೋಲುವುದು ತುದಿಯ ಪ್ಲೇಟು. ಕೋಲು ಗೋಪುರದ ನೆತ್ತಿಯ ಮಟ್ಟದಿಂದ ಮೇಲೆ ಕೂಡಿಕೊಂಡಿದ್ದರೆ, ಪ್ರತಿಯೊಂದು ನೂಕಿಗೂ ಪ್ಲೇಟು ತಲೆದೂಗುತ್ತದೆ. 3 ಮಿ.ಮೀ. ತಗಡಿನ ಪ್ಲೇಟಾದರೆ ಉಳಿದ ಬಿಗುವೆಲ್ಲ ಅಲ್ಲಿಯೇ ಸೋರಿಹೋಗುತ್ತದೆ. ಪ್ಲೇಟಿನ ಬಿಗುವು ದಪ್ಪದ ಘನಕ್ಕೆ ಅನುಸಾರವಾಗಿ ಬೆಳೆಯುತ್ತದೆ: 3 ಮಿ.ಮೀ. ಬದಲು 5 ಮಿ.ಮೀ. ಹಾಕಿದರೆ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು. ಇದಕ್ಕೂ ಮಿಗಿಲಾದ ಉಪಾಯವೆಂದರೆ ಪ್ಲೇಟಿಗೂ ಕೊಳವೆಗೂ ನಡುವಣ ಮೂಲೆಯಲ್ಲಿ ಎರಡೂ ಬದಿಗೆ ಮುಮ್ಮೂಲೆ ತುಂಡುಗಳನ್ನು ನಿಲ್ಲಿಸಿ ಬೆಸೆಯುವುದು. ಬೆಸುಗೆಯವರು ಅದನ್ನು ಗಸೆಟ್ ಎನ್ನುತ್ತಾರೆ. ಟ್ರ್ಯಾಕ್ಟರಿನ ಟ್ರಾಲಿಗೆ ದಿನವೂ ಹಾಕುವವರೇ ಅವರು. ಕೋಲಿನ ತುದಿಯಲ್ಲಿ ಒಂಟಿ ಬೋಲ್ಟಿನ ಕೀಲಿರುವ ನಮೂನೆಗಳೂ ಪೇಟೆಯಲ್ಲಿ ಸಿಗುತ್ತವೆ. ಕೀಲಿರುವ ಕೋಲು ನೇರವಾಗಿರಲೇಬೇಕು. ಕೀಲಿನ ರಂಧ್ರ ಒಂದಿಷ್ಟು ಸಡಿಲವಾದರೂ ಕೋಲು ಇದ್ದೂ ಇಲ್ಲದಂತೆ. ಉದ್ದವನ್ನು ಹೊಂದಿಸುವ ತಿರುಪುಗಳು ಜೋಡಣೆಗೆ ಅನುಕೂಲವೆಂಬುದು ನಿಜ. ಆದರೂ ಅಳತೆಗೆ ಸರಿಯಾಗಿ ಬೆಸೆದ ಒಂದೇ ತುಂಡಿನ ಕೋಲನ್ನೇ ನಾವು ಮೆಚ್ಚುತ್ತೇವೆ.

ನೀರಿನ ಪೈಪಿನ ವಿಷಯ ಹೇಳಲೇಬೇಕು. ಸತುವಿನ ಲೇಪವಿರುವ ಪೈಪನ್ನು ಬೆಸೆದಾಗ ಏಳುವ ಬಿಳಿಯ ಹೊಗೆ ಬೆಸೆಯುವವನ ಎದೆಗೆ ಕೇಡು, ಚಳಿಜ್ವರ ಬರಿಸುತ್ತದೆ. ಬೆಸುಗೆಯೂ ಗುಳ್ಳೆಗುಳ್ಳೆಯಾಗಿ ಹುಸಿಯಾಗುತ್ತದೆ. ಲೇಪವಿಲ್ಲದ ಕರಿಯ ಕೊಳವೆಯನ್ನೇ ಕೊಂಡು, ಬೆಸುಗೆಯಾದ ಮೇಲೆ ಬಣ್ಣ ಹಚ್ಚಿಸಿರಿ.

ಬೆಸುಗೆಯನ್ನು ಗಾಡಿಯ ಮೇಲೆ ಮಾಡತಕ್ಕದ್ದಲ್ಲ. ನೆತ್ತಿಯ ನಟ್ಟುಗಳ ಸ್ಥಾನವನ್ನು ದಪ್ಪ ರಟ್ಟಿನಲ್ಲಿ ಪಡಿಯಚ್ಚು ತೆಗೆದುಕೊಂಡು, ಎರಡು ಗೋಪುರಗಳ ನಡುವಣ ಅಂತರವನ್ನೂ ಓರೆಯನ್ನೂ ಅಳೆದು, ಕಬ್ಬಿಣದ ಆಂಗಲ್ಲಿನ ಮೇಲೆ ಅದೇ ಅಳತೆಯ ಅಚ್ಚು ಮಾಡಿಸಿರಿ. ಪ್ಲೇಟುಗಳನ್ನು ಆ ಅಚ್ಚಿಗೆ ಬೋಲ್ಟಿನಿಂದ ಬಿಗಿದು, ಕೋಲನ್ನು ಅಲ್ಲಲ್ಲಿ ಚುಕ್ಕಿ ಬೆಸುಗೆಯಿಂದ ನಿಲ್ಲಿಸಿ, ಒಮ್ಮೆ ಗಾಡಿಯ ಮೇಲೆ ಇಟ್ಟುನೋಡಿ, ಮತ್ತೆ ಅಚ್ಚಿಗೇ ತಂದು ಪೂರ್ತಿ ಬೆಸೆಯಬೇಕು. ಅಚ್ಚಿಲ್ಲದೆ ಬೆಸೆದರೆ ಕಾವಿಗೆ ತುದಿ ತಿರುಚಿಕೊಳ್ಳುತ್ತದೆ. ಆಮೇಲೆ ಸುತ್ತಿಗೆಯಿಂದ ಬಡಿದು ರಂಧ್ರಗಳನ್ನು ಕೂಡಿಸುವ ಕಷ್ಟ ಯಾರಿಗೂ ಬೇಡ.

ಜೋಡಿಸುವ ದಿನ ಗಾಡಿ ಸಮನಾದ ನೆಲದ ಮೇಲೆ, ನಾಲ್ಕೂ ಚಕ್ರಗಳ ಮೇಲೆ ನಿಂತಿರಬೇಕು. ಜಾಕಿನ ಮೇಲೆ ಎತ್ತಿಟ್ಟು ಈ ಕೆಲಸ ಮಾಡಲಾಗದು. ಎತ್ತಿದಾಗ ನೆತ್ತಿಯ ನಟ್ಟು ತೆಗೆದರೆ ಊರುಗೋಲು ಕೆಳಗೆ ಜಾರುತ್ತದೆ. ನೆಲದ ಮೇಲಿದ್ದರೆ ಗಾಡಿಯ ಭಾರವೇ ಅದನ್ನು ಸ್ಥಾನದಲ್ಲಿ ಹಿಡಿದಿರುತ್ತದೆ. ಒಂದು ಬದಿಯ ಹೊರನಟ್ಟುಗಳನ್ನು ತೆಗೆದು ಪ್ಲೇಟು ಕೂರಿಸಿ, ನಟ್ಟುಗಳನ್ನು ಕೈಯಿಂದ ತಿರುಗಿಸಿ ನಿಲ್ಲಿಸಿದ ಮೇಲೆಯೇ ಇನ್ನೊಂದು ಬದಿಗೆ ಹೋಗಬೇಕು. ನಡುವಿನ ದೊಡ್ಡ ನಟ್ಟನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ. ಅದರ ಕೆಳಗೆ ಅದುಮಿದ ಸ್ಪ್ರಿಂಗಿದೆ. ಸ್ಪ್ರಿಂಗನ್ನು ಕಟ್ಟುವ ಉಪಕರಣವಿಲ್ಲದೆ ಆ ನಟ್ಟನ್ನು ಬಿಚ್ಚಿದವರ ಕೈಯೂ ಮುಖವೂ ಉಳಿಯುವುದು ದೈವದ ಮಾತು. ಮನೆಯಲ್ಲಿ ಹುಡುಗರು ಪಾನಾ ಹಿಡಿದು ನಿಂತಿದ್ದರೆ ಇದನ್ನು ಮೊದಲೇ ಹೇಳಿಬಿಡುವುದು ಮೇಲು.

ಕೋಲು ರಂಧ್ರಗಳಿಗೆ ತಾನಾಗಿ ಕೂರಬೇಕು. ಎಳೆದು, ನೂಕಿ, ಸನ್ನೆಗೋಲು ಹಾಕಿ ಕೂರಿಸಿದರೆ ಗೋಪುರಗಳ ಸ್ಥಾನವೇ ಬದಲಾಗಿ ಚಕ್ರಗಳ ಓರೆ ಕೆಡುತ್ತದೆ. 5 ಮಿ.ಮೀ. ಪ್ಲೇಟು ನಡುವೆ ಬಂದುದರಿಂದ ಸ್ಟಡ್ಡಿನ ಉದ್ದ ಅಷ್ಟು ಕಡಿಮೆಯಾಯಿತಲ್ಲವೆ? ನಟ್ಟು ಪೂರ್ತಿ ಕೂತು ಅದರ ಮೇಲೆ ಒಂದೆರಡು ಸುತ್ತು ಮರೆ ಕಾಣುವಂತಿರಬೇಕು; ಕಾಣದಿದ್ದರೆ ಆ ಪ್ಲೇಟು ಆ ಗಾಡಿಗೆ ಹೊಂದದು, ತೆಳು ಪ್ಲೇಟಿಗೆ ಗಸೆಟ್ ಕೊಟ್ಟು ಬೇರೆ ಮಾಡಿಸಿರಿ. ಹಳೆಯ ನಟ್ಟುಗಳನ್ನು ಎಸೆದು, ನೈಲಾನ್ ಬಳೆಯ ಹೊಸ ನಟ್ಟುಗಳನ್ನೇ ಹಾಕಿರಿ. ಬಿಗಿತ ಗಾಡಿಯ ಕೈಪಿಡಿ ಹೇಳಿದಷ್ಟೇ ಇರಲಿ. ಉದ್ದ ಪೈಪು ಸಿಕ್ಕಿಸಿದ ಪಾನಾದಿಂದ ತೋಳಿನ ಬಲ ತೋರಿಸಿದರೆ ಸಣ್ಣ ಸ್ಟಡ್ಡು ತುಂಡಾಗುತ್ತದೆ.

ಬಾನೆಟ್ಟನ್ನು ದಡಕ್ಕನೆ ಮುಚ್ಚಬೇಡಿರಿ. ಕೋಲಿನ ಮೇಲೆ ನಾಲ್ಕು ಕಡೆ ಜೋಳದ ಹಿಟ್ಟಿನ ಉಂಡೆಗಳನ್ನಿಟ್ಟು ಮೆಲ್ಲನೆ ಮುಚ್ಚಿ ತೆರೆದರೆ, ಉಂಡೆ ಎಷ್ಟು ಚಪ್ಪಟೆಯಾಯಿತೋ ನೋಡಿ ನಡುವಣ ಸ್ಥಳ ತಿಳಿಯುತ್ತದೆ. ಬೆರಳಿನ ಅಗಲಕ್ಕಿಂತ ಕಡಿಮೆಯಿರಬಾರದು. ಎಂಜಿನ್ನಿನ ಕಡೆಗೆ ಇನ್ನೂ ಹೆಚ್ಚು ಬೇಕು. ರಬ್ಬರಿನ ಮೇಲೆ ಕೂತ ಎಂಜಿನ್ನು ಗಿಯರ್ ಬದಲಿಸುವಾಗ ತಲೆಯಾಡಿಸುವುದನ್ನು ಯಾರಾದರೂ ಕಂಡಿರುತ್ತಾರೆ. ಆಕ್ಸಿಲರೇಟರ್ ತಂತಿ, ಪೆಟ್ರೋಲಿನ ಕೊಳವೆ, ಬ್ಯಾಟರಿಯ ಧನಕೀಲು ಇವುಗಳಿಗೆ ಕೋಲು ತಾಗದಿರಲಿ. ಕೊನೆಯದು ತಾಗಿದರೆ ಬೆಂಕಿ.

ಇಷ್ಟೆಲ್ಲ ಮಾಡಿದ ಮೇಲೆ ಆಗುವ ಲಾಭವೇನೆಂದು ಕೇಳಿದರೆ, ಅತಿಶಯೋಕ್ತಿ ಬೇಡ. ಒಳ್ಳೆಯ ಟೈರು, ಹೊಸ ಬುಷ್, ಸರಿಯಾದ ಚಕ್ರಜೋಡಣೆ ಇರುವ ಗಾಡಿಯಲ್ಲಿ ಸ್ಟಿಯರಿಂಗಿನ ಮಾತಿಗೆ ಮುಂಭಾಗ ಸ್ವಲ್ಪ ಬೇಗ ಓಗೊಡುತ್ತದೆ. ಒಂದು ಚಕ್ರ ಮಾತ್ರ ಗುಂಡಿಗೆ ಬಿದ್ದಾಗ ಒಡಲಿನ ಕಿರುಗುಟ್ಟುವಿಕೆ ಕಡಿಮೆಯಾಗುತ್ತದೆ. ಸುಮಾರು 650 ಕಿಲೋ ತೂಗುವ, ಸಾವಕಾಶವಾಗಿ ನಡೆಸುವ ಮಾರುತಿ 800ರಲ್ಲಿ ಇದನ್ನು ಗುರುತಿಸಲು ಸೂಕ್ಷ್ಮವಾದ ಕೈ ಬೇಕು. ಕೋಲು ಗಾಡಿಯ ವಾಲುವಿಕೆಯನ್ನು ಕಡಿಮೆ ಮಾಡುವುದಿಲ್ಲ, ಬ್ರೇಕನ್ನು ಚುರುಕುಗೊಳಿಸುವುದಿಲ್ಲ. ಕೇಡಿನ ಪಕ್ಕವೂ ಒಂದುಂಟು: ಎಡಗೋಪುರಕ್ಕೆ ಬಲವಾದ ಪೆಟ್ಟು ಬಿದ್ದರೆ, ಅದನ್ನು ಬಲಗೋಪುರಕ್ಕೂ ಮುಟ್ಟಿಸುವ ಕೆಲಸವನ್ನು ಕೋಲು ನಿಷ್ಠೆಯಿಂದ ಮಾಡುತ್ತದೆ. ಒಂದು ಬದಿಯ ರಿಪೇರಿ ಎರಡು ಬದಿಯದಾಗುತ್ತದೆ.

ಕಾನೂನಿನ ಮಾತನ್ನೂ ಆ ವಾಚಕರು ಕೇಳಿದ್ದಾರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಬೋಲ್ಟು ಬಿಚ್ಚಿದರೆ ಕೈಗೆ ಬರುವ ಕೋಲು ಒಂದು; ಗೋಪುರವನ್ನೇ ಕೊಯ್ದು ಬೆಸೆದು ಆಕಾರ ಬದಲಿಸುವುದು ಇನ್ನೊಂದು. ಎರಡನೆಯದರ ತಂಟೆಗೆ ಹೋಗಬೇಡಿರಿ. 15 ವರ್ಷ ದಾಟಿದ ಸ್ವಂತ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿಯ ನವೀಕರಣವಿರುವುದರಿಂದ, ಕೋಲು ಹಾಕಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ಒಂದು ಮಾತು ವಿಚಾರಿಸಿಕೊಂಡರೆ ತಪಾಸಣೆಯ ದಿನ ಚರ್ಚೆ ಉಳಿಯುತ್ತದೆ.

ಹೀಗಾಗಿ ಕುಮಾರಪಟ್ಟಣದವರಿಗೆ ನಮ್ಮ ಸಲಹೆಯ ಕ್ರಮ ಇಷ್ಟು: ಈ ವಾರವೇ ಚಕ್ರ ಕಳಚಿ ಗೋಪುರಗಳ ಒಳಮೈ ನೋಡಿಸಿರಿ, ಅದು ಆಗುವವರೆಗೆ ತಾಯಿಯವರನ್ನು ಬಸ್ಸಿನಲ್ಲೋ ಬಾಡಿಗೆ ಗಾಡಿಯಲ್ಲೋ ಕರೆದೊಯ್ಯಿರಿ. ತಗಡು ಒಳ್ಳೆಯದೆಂದು ಕಂಡರೆ ನೆತ್ತಿಯ ರಬ್ಬರು, ಬುಷ್, ಚಕ್ರಜೋಡಣೆ. ಆಮೇಲೆ ರಬ್ಬರ್ ಉಂಗುರದ ಪರೀಕ್ಷೆ. ಅದರ ಮೇಲೂ ಕೋಲು ಹಾಕಿಸಿದರೆ, ಪ್ರತಿ ನಟ್ಟಿನಿಂದ ಪ್ಲೇಟಿನವರೆಗೆ ಬಿಳಿಯ ಬಣ್ಣದ ಒಂದು ಗೆರೆ ಎಳೆದಿಟ್ಟು, 500 ಕಿ.ಮೀ. ಓಡಿಸಿದ ಮೇಲೆ ಗೆರೆ ಮುರಿದಿದೆಯೇ ಎಂದು ನೋಡಿರಿ. ಮುರಿದ ಕಡೆ ನಟ್ಟು ತಿರುಗಿದೆ. ಹೊಸ ನಟ್ಟು ಹಾಕಿಸಿ ಮತ್ತೆ ಬಿಗಿಯಿರಿ.

ಮಳೆಗಾಲದ ಬೆಳಗ್ಗೆ ಸ್ಟಾರ್ಟ್ ಆಗದ ಪದ್ಮಿನಿಯ ಬಗ್ಗೆ ರಾಣೆಬೆನ್ನೂರಿನಿಂದ ಬಂದ ಎರಡು ಕಾಗದಗಳಿಗೆ ಮುಂದಿನ ವಾರ ಉತ್ತರ.